‘ಶೀಲ ಶಂಕಿಸಿ’ ಎಂದು ಬರೆಯುವುದನ್ನು ನಿಲ್ಲಿಸಿ

ಸಂಪಾದಕರಿಗೆ ನಮಸ್ಕಾರ.

‘ಶೀಲ ಶಂಕಿಸಿ ಪತ್ನಿಯ ಕೊಲೆ.’ ಈ ಶೀರ್ಷಿಕೆ ಕನ್ನಡ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಊರು ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಮೊದಲ ಎರಡು ಪದ ಮಾತ್ರ ಹಾಗೇ ಇರುತ್ತವೆ. ಕನ್ನಡ ಪಾಠ ಮಾಡಿಯೇ ನಿವೃತ್ತಳಾದ ನನಗೆ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಒಮ್ಮೆ ಒಂಬತ್ತನೇ ತರಗತಿಯಲ್ಲಿ ‘ಶೀಲ’ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂದಿದ್ದೆ. ಬಂದ ವಾಕ್ಯಗಳಲ್ಲೆಲ್ಲ ಹೆಂಗಸೇ ಇದ್ದಳು. ‘ಗಂಡಸರಿಗೆ ಬಳಸಬಾರದಾ?’ ಅಂತ ಕೇಳಿದೆ. ಒಬ್ಬ ಹುಡುಗ ಎದ್ದು, ‘ಅದು ಹೆಂಗಸರಿಗೆ ಮಾತ್ರ ಇರೋದಲ್ವಾ ಮಿಸ್?’ ಅಂದ. ಯಾರೂ ನಗಲಿಲ್ಲ. ಓದಿ, ಕೇಳಿ ಕಲಿತದ್ದನ್ನೇ ಅವನು ಹೇಳಿದ್ದ.

ಶೀಲ ಅಂದರೆ ನಡತೆ, ಸ್ವಭಾವ. ದಾನಶೀಲ, ಸಹನಶೀಲ ಅನ್ನುವಾಗ ಗಂಡು ಹೆಣ್ಣೆಂಬ ಭೇದವಿಲ್ಲ. ಬೌದ್ಧರ ಪಂಚಶೀಲದಲ್ಲಿ ಮೊದಲನೆಯದೇ ಜೀವ ತೆಗೆಯದಿರುವುದು. ಕಳ್ಳತನ, ಕಾಮದ ತಪ್ಪು, ಸುಳ್ಳು, ಕುಡಿತ ಎಲ್ಲ ಆಮೇಲೆ. ಹಾಗೆ ನೋಡಿದರೆ ಆ ಸುದ್ದಿಯಲ್ಲಿ ಶೀಲಗೆಟ್ಟವನು ಕೊಂದವನೇ. ಆದರೆ ಶೀರ್ಷಿಕೆ ಓದಿದವರು ಸತ್ತವಳ ನಡತೆ ಹಿಡಿದು ಮಾತಾಡುತ್ತಾರೆ. ‘ಏನೋ ಇದ್ದಿರಬೇಕು ಬಿಡಿ’ ಅನ್ನುತ್ತಾರೆ. ಉತ್ತರ ಕೊಡಲು ಅವಳಿಲ್ಲ. ಅವಳ ಮಕ್ಕಳಿರುತ್ತಾರೆ, ಅವರಿಗೂ ಓದಲು ಬರುತ್ತದೆ.

ಅಷ್ಟಕ್ಕೂ ಈ ‘ಶಂಕೆ’ ಯಾರದು? ಎಷ್ಟೋ ಸಲ ಅದು ಸಿಕ್ಕಿಬಿದ್ದವನು ಪೊಲೀಸರ ಮುಂದೆ ಕೊಟ್ಟ ಕಾರಣ. ನಿಜವಾದ ಕಾರಣ ವರದಕ್ಷಿಣೆ ಜಗಳವೋ, ದುಡ್ಡಿನ ತಕರಾರೋ, ಕೋರ್ಟಿನಲ್ಲಿ ತಿಳಿಯಬೇಕು. ವಿಚಾರಣೆಗೆ ಮೊದಲೇ ಅವನ ಮಾತು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ.

ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 497ನೇ ಸೆಕ್ಷನ್ನನ್ನೇ ಸುಪ್ರೀಂ ಕೋರ್ಟ್ 2018ರಲ್ಲಿ ರದ್ದು ಮಾಡಿತು. 2023ರ ಆಗಸ್ಟ್‌ನಲ್ಲಿ ಒಂದು ಕೈಪಿಡಿ ಹೊರತಂದು, ಹೆಣ್ಣಿನ ನಡತೆ ಅಳೆಯುವ ಇಂಥ ಪದಗಳನ್ನು ಬಳಸಬೇಡಿ ಎಂದು ನ್ಯಾಯಾಧೀಶರಿಗೂ ವಕೀಲರಿಗೂ ಹೇಳಿತು. ಪತ್ರಿಕೆಗಳು ಅಷ್ಟು ಮಾಡಬಾರದೇ?

ಶೀರ್ಷಿಕೆಗೆ ಜಾಗ ಕಡಿಮೆ ಅನ್ನುವುದು ಗೊತ್ತು. ‘ಪತ್ನಿಯ ಕೊಲೆ: ಪತಿ ಬಂಧನ’ ಎಂದರೂ ಅಷ್ಟೇ ಜಾಗ ಸಾಕು. ಶಂಕೆಯ ವಿಷಯ ಬರೆಯಲೇಬೇಕಾದರೆ ಒಳಗೆ, ‘ಎಂದು ಆರೋಪಿ ಹೇಳಿದ್ದಾನೆ’ ಅಂತ ಸೇರಿಸಿ ಬರೆಯಿರಿ. ನಿಮ್ಮ ಉಪಸಂಪಾದಕರಿಗೆ ದಯವಿಟ್ಟು ಈ ಮಾತು ತಿಳಿಸಿ.

– ನಿವೃತ್ತ ಕನ್ನಡ ಶಿಕ್ಷಕಿ