ಬಲಗಡೆ ಹಿಡಿದು ದಾಟು

ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು "ನಮ್ಮ ಕೈಲಿ ಏನಾಗತ್ತೆ ಮಾರಾಯ, ಬಿಡು" ಅಂದೆ. ನಾನೂ ಹೂಂ ಅಂದೆ. ನಿಜ ಹೇಳಲಾ? ನಿನ್ನನ್ನು ಸ್ಪೀಕರಿಗೆ ಹಾಕಿ ರೀಲ್ಸ್ ತಳ್ಳುತ್ತಾ ಕೂತಿದ್ದೆ.

ನಮ್ಮ ಹಳ್ಳ ದಾಟುವ ಮರದ ಸಂಕ ನೆನಪಿದೆ ಅಲ್ವಾ? ಶಾಲೆಗೆ ಹೋಗುವಾಗ ನೀನು ಚಪ್ಪಲಿ ಕಳೆದುಕೊಂಡ ಜಾಗ. ಈ ಸಲ ಆರಿದ್ರಾ ಮಳೆಗೆ ಕೊಚ್ಚಿಹೋಯಿತು. ಯಾರೋ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಒಬ್ಬರದು ಅಳುವ ಮುಖ, ಇನ್ನೊಬ್ಬರದು ಕೆಂಪು ಮುಖ. ನಾನು ಸರ್ಕಾರಕ್ಕೆ ಬೈದು ಉದ್ದದ ಭಾಷಣ ಬರೆದೆ, ಹನ್ನೆರಡು ಹೆಬ್ಬೆಟ್ಟು ಬಿದ್ದವು. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬ ಬಂತು. ಸಂಕ ಮರೆತೇಹೋಯಿತು. ಮಕ್ಕಳು ಮಾತ್ರ ಐದು ದಿನ ಗುಡ್ಡ ಸುತ್ತಿ ಶಾಲೆಗೆ ಹೋದರು.

ಆರನೇ ದಿನ ಮೇಲಿನಮನೆ ಅಜ್ಜ ಜಗಲಿಗೆ ಬಂದು ಕೇಳಿದರು.

"ಆ ಗುಂಪಲ್ಲಿ ಎಷ್ಟು ಜನ ಇದೀರೋ?"

"ಎಂಬತ್ತಾರು ಅಜ್ಜ."

"ಸಂಕ ಹಾಕಕ್ಕೆ ಎಂಟು ಜನ ಸಾಕಪ್ಪ."

ಒಂಬತ್ತು ಜನ ಸೇರಿದೆವು. ಅಜ್ಜನ ತೋಟದಲ್ಲಿ ಸುಳಿ ಕೊಳೆತು ನಿಂತಿದ್ದ ಅಡಿಕೆ ಮರಗಳನ್ನು ಕಡಿದು, ಹೆಗಲ ಮೇಲೆ ಹೊತ್ತು ಹಳ್ಳಕ್ಕೆ ಇಳಿಸಿದೆವು. ಒದ್ದೆ ಮರ ಎಷ್ಟು ಭಾರ ಅಂತೀಯ! ಹೆಗಲ ಸಿಪ್ಪೆ ಸುಲಿದಿದೆ. ಕಾಲಿಗೆ ರಕ್ತ ಹೀರುವ ಇಂಬಳ, ತಲೆ ಮೇಲೆ ಕಂಬಳಿ ಕೊಪ್ಪೆ. ಹಳ್ಳದ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮೊದಲ ಒಂದು ಗಂಟೆ ಕೈ ಸುಮ್ನೆ ಜೇಬಿಗೆ ಹೋಗಿ ಹೋಗಿ ಬರುತ್ತಿತ್ತು. ಆಮೇಲೆ ಬಿಟ್ಟಿತು. ದಾಯಾದಿ ಜಗಳಕ್ಕೆ ಮೂರು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಒಂದೇ ಮರದ ಎರಡು ತುದಿ ಹಿಡಿದಿದ್ದರು. ಮಾತಾಡದೆ ಮರ ತಿರುಗಿಸಲು ಆಗುತ್ತದಾ? "ಸ್ವಲ್ಪ ಈಚೆ ತಗಾ" ಅಂತಲೇ ಶುರುವಾಯಿತು.

ಚಹಾ ಕುಡಿಯುವಾಗ ಅಜ್ಜ ಸಾಗರದ ಕಡೆಯ ಕಾಗೋಡಿನ ಸುದ್ದಿ ತೆಗೆದರು. 1951ರಲ್ಲಿ ಅಲ್ಲಿಯ ಗೇಣಿದಾರರು ಜಗಳಕ್ಕೆ ನಿಂತದ್ದು ಒಂದು ಕೊಳಗಕ್ಕೆ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಗಿತ್ತು, ಅಷ್ಟೇ. ರೈತ ನಾಯಕ ಗಣಪತಿಯಪ್ಪನವರು ಜೊತೆಗೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅವರಿಗೂ ಗುಂಪಿತ್ತು, ಫೋನ್ ಇರಲಿಲ್ಲ. ಹೋಲಿಕೆ ಮಾಡುತ್ತಿಲ್ಲ ಮಾರಾಯ. ಅವರು ಜೈಲು ಕಂಡರು, ನಾನು ಇಂಬಳ ಕಂಡೆ.

ಅಡಿಕೆ ಮರದ ಸಂಕ ಎಷ್ಟು ದಿನ ಬಂದೀತು? ಕಾಲುಸೇತುವೆ ಆಗಲೇಬೇಕು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಸಬೇಕು ಅನ್ನುವುದು ಕಾನೂನು. ನಾನು ಕೊನೆಗೆ ಹೋದದ್ದು ಯಾವಾಗ ಅಂತ ನನಗೇ ನೆನಪಿಲ್ಲ. ಈ ಸಲ ಒಂಬತ್ತೂ ಜನ ಹೋಗುತ್ತೇವೆ. ಅರ್ಜಿ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ, ಭಾಷಣ ಚೆನ್ನಾಗಿ ಬರೆಯುತ್ತೇನಂತೆ.

ಚೌತಿಗೆ ಬಾ. ಸಂಕದ ಎಡಗಡೆ ಬಿದಿರಿನ ಹಿಡಿಕೆ ಸ್ವಲ್ಪ ಅಲ್ಲಾಡುತ್ತದೆ. ಅದನ್ನು ಕಟ್ಟಿದ್ದು ನಾನು. ಬಲಗಡೆ ಹಿಡಿದು ದಾಟು.

ನಿನ್ನವನೇ