ಮಗಳಿಗೊಂದು ಪತ್ರ: ಬೆವರಿನ ವಿಷಯ ಮೊದಲು ಹೇಳು

ಶ್ರೀನಿವಾಸಪುರ

ಪುಟ್ಟಿ,

ಪಾಪುಗೆ ವರ್ಷ ತುಂಬಿದರೂ ಹಲ್ಲು ಬಂದಿಲ್ಲ, ಕೂದಲೂ ತೆಳ್ಳಗಿದೆ ಅಂದೆ. ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತೆ ಅಂತ ನಿಮ್ಮತ್ತೆ ಹೇಳಿದರಂತೆ. ಕೊಡಿ, ಹರಕೆ ತೀರಲಿ. ಬೋಳಿಸಿದರೆ ಕೂದಲು ದಟ್ಟವಾಗಲ್ಲ, ಅದು ಬೇರೆ ಮಾತು.

ನನಗೆ ಚಿಂತೆ ಹತ್ತಿದ್ದು ನೀನು ಸುಮ್ನೆ ಹೇಳಿಬಿಟ್ಟ ಇನ್ನೊಂದು ವಿಷಯಕ್ಕೆ. ಬಿಸಿಲು ಜಾಸ್ತಿಯಾದಾಗಲೆಲ್ಲ ಮೈ ಸುಡುತ್ತೆ, ನೆಗಡಿಯಿಲ್ಲ, ಕೆಮ್ಮಿಲ್ಲ, ಬೆವರೂ ಇಲ್ಲ. ನಿನ್ನ ಸೋದರಮಾವ ಹೀಗೇ ಇದ್ದ. ಮಾವಿನಕಾಯಿ ಕೀಳುವಾಗ ಎಲ್ಲರಿಗೂ ಬೆವರು ಸುರಿಯುತ್ತಿದ್ದರೆ ಇವನು ಒದ್ದೆ ಟವೆಲ್ ಹೊದ್ದು ನೆರಳಲ್ಲಿ ಕೂರುತ್ತಿದ್ದ. ಸೋಮಾರಿ ಅಂತ ಬೈಸಿಕೊಳ್ಳುತ್ತಿದ್ದ. ಬಾಯಲ್ಲಿ ಏಳೆಂಟು ಹಲ್ಲು, ಅವೂ ಚೂಪು.

ಇದಕ್ಕೆ ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಅಂತಾರೆ. ಹೊಟ್ಟೆಯಲ್ಲಿರುವ ಮಗುವಿನ ಹೊರಪದರದಿಂದಲೇ ಕೂದಲು, ಉಗುರು, ಹಲ್ಲಿನ ಎನಾಮಲ್, ಬೆವರಿನ ಗ್ರಂಥಿ ಎಲ್ಲ ಆಗೋದು. ಹಾಗಾಗಿ ಒಂದು ಕಡಿಮೆ ಕಂಡರೆ ಉಳಿದದ್ದನ್ನೂ ನೋಡಬೇಕು. ಕೆಲವು ಬಗೆಯಲ್ಲಿ ಬೆವರು ಸರಿಯಾಗಿಯೇ ಬರುತ್ತೆ, ಉಗುರು ಕೆಡುತ್ತೆ. ಜಾಸ್ತಿ ಕಾಣೋದು ಬೆವರು ಕಡಿಮೆಯಿರುವ ಬಗೆ. ಬಹುಪಾಲು ಮನೆಗಳಲ್ಲಿ ಅದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುತ್ತೆ, ಅಂದರೆ ಹೆಣ್ಣಿಗೆ ಎರಡು, ಗಂಡಿಗೆ ತಾಯಿಯಿಂದ ಬಂದ ಒಂದೇ ಇರುವ ಕ್ರೋಮೋಸೋಮಿನಲ್ಲಿ. 1875ರಲ್ಲೇ ಡಾರ್ವಿನ್ ಸಿಂಧ್ ಕಡೆಯ ಒಂದು ಮನೆತನದ ಬಗ್ಗೆ ಬರೆದಿದ್ದ. ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರಿಗೆ ಹಲ್ಲೂ ಕಡಿಮೆ, ಕೂದಲೂ ಕಡಿಮೆ. ಹೆಣ್ಣುಮಕ್ಕಳು ಚೆನ್ನಾಗಿದ್ದರು, ಆದರೆ ಅವರ ಗಂಡುಮಕ್ಕಳಿಗೆ ಬಂತು. (ಪಾಠ ಮಾಡಿದ ಚಟ, ಬಿಡು.)

ಹೆಣ್ಣುಮಕ್ಕಳಲ್ಲೂ ಸಣ್ಣ ಗುರುತು ಇರಬಹುದು. ನನ್ನ ಮೇಲಿನ ಹಲ್ಲೊಂದು ಮೊಳೆಯ ಹಾಗಿದೆ. ನಿನಗೆ ಎರಡು ಹಲ್ಲು ಹುಟ್ಟಲೇ ಇಲ್ಲ, ಅಲ್ವಾ? ಆ ಜೀನ್ ಹೊತ್ತ ತಾಯಿಯ ಪ್ರತಿ ಗಂಡುಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಪಾಪುಗೆ ಇದೇ ಅಂತ ನಾನು ಹೇಳುತ್ತಿಲ್ಲ. ಮೂಳೆ ಮೆತ್ತಗಾಗುವ ರಿಕೆಟ್ಸ್ ಇದ್ದರೂ, ಥೈರಾಯ್ಡ್ ಕಡಿಮೆಯಿದ್ದರೂ ಹಲ್ಲು ತಡವಾಗುತ್ತೆ.

ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಹಲ್ಲಿನ ವಿಷಯವಷ್ಟೇ ಹೇಳಿ ಬರಬೇಡ. ಬೆವರು, ಬಿಸಿಲಿನ ಜ್ವರ, ಮಾವ, ಮೂರನ್ನೂ ಹೇಳು. ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸಬಹುದು. ಒಳಗೆ ಎಷ್ಟು ಹಲ್ಲಿವೆ ಅಂತ ಎಕ್ಸ್‌ರೇಯಲ್ಲಿ ಗೊತ್ತಾಗುತ್ತೆ. ಮೂರು ವರ್ಷದ ಹೊತ್ತಿಗೇ ಹಲ್ಲಿನ ಸೆಟ್ ಹಾಕಿಸುವವರಿದ್ದಾರೆ. ಅಲ್ಲಿಯವರೆಗೆ ಮಧ್ಯಾಹ್ನ ಹೊರಗೆ ಕರೆದುಕೊಂಡು ಹೋಗಬೇಡ. ಬಿಸಿಲಿಗೆ ಕಾದ ಮೈಗೆ ಜ್ವರದ ಸಿರಪ್ ನಾಟಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸು, ಫ್ಯಾನ್ ಹಾಕು. ಆಗಲೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗು.

ಮಾವ ಶನಿವಾರ ತುಮಕೂರಿಗೆ ಬರುತ್ತಾನೆ. ಹಳೆಯ ಎಕ್ಸ್‌ರೇ ತರೋಕೆ ಹೇಳಿದ್ದೇನೆ. ಅವನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ನಿನ್ನ ಅಮ್ಮ