ನಲವತ್ತೆರಡು ಕಾರ್ಯಕ್ರಮ ಜಾಸ್ತಿಯಾಯಿತು, ಅಪ್ಪಿ

ಚಿ. ಅಪ್ಪಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ, ನಿಮ್ಮ ಸೇವಾ ಕ್ಲಬ್ಬಿನ ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನು ಪೂರ್ತಿ ಓದಿದೆ. ಜುಲೈ 1ರಿಂದ ನೀನೇ ಅಧ್ಯಕ್ಷ ಅಂತ ಕೇಳಿ ಖುಷಿಯಾಯಿತು. ನಿನ್ನಮ್ಮ ಈಗಾಗಲೇ ಅರ್ಧ ಸಾಗರ ಪೇಟೆಗೆ ಸುದ್ದಿ ಮುಟ್ಟಿಸಿದ್ದಾಳೆ ಬಿಡು. ಪಟ್ಟಿ ಹೇಗಿದೆ, ಮುಲಾಜಿಲ್ಲದೆ ಹೇಳು ಅಂದಿದ್ದೀಯಲ್ಲ, ಹೇಳುತ್ತೇನೆ. ಜಾಸ್ತಿಯಾಯಿತು. ನಲವತ್ತೆರಡು ಕಾರ್ಯಕ್ರಮ ಅಂದರೆ ಹೆಚ್ಚುಕಮ್ಮಿ ವಾರಕ್ಕೊಂದು. ಅದರಲ್ಲಿ ಅರ್ಧಕ್ಕರ್ಧ "ದಿನಾಚರಣೆ". ಆ ದಿನ ಮುಗಿದ ಮೇಲೆ ಏನು ಅಂತ ಪಟ್ಟಿಯಲ್ಲಿ ಒಂದು ಕಡೆಯೂ ಬರೆದಿಲ್ಲ.

ನಾನು ಯಾವ ಕ್ಲಬ್ಬಿಗೂ ಸೇರಿದವಳಲ್ಲ. ಆದರೆ ಸರ್ಕಾರಿ ಶಾಲೆಯಲ್ಲಿ ಹೆಡ್ಮಿಸ್ಸಾಗಿ ಕ್ಲಬ್ಬುಗಳ ಕೈಯಿಂದ ಬೇಕಾದಷ್ಟು ತೆಗೆದುಕೊಂಡವಳು. ಹಾಗಾಗಿ ನಿನಗೆ ಕಾಣದೇ ಇರುವುದು ಸ್ವಲ್ಪ ನನಗೆ ಕಾಣುತ್ತದೆ.

ನೋಟ್‌ಬುಕ್ ವಿಷಯವನ್ನೇ ತೆಗೆದುಕೋ. ನನ್ನ ಕಾಲದಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರದಿಂದ ಬರುತ್ತಿತ್ತು, ನೋಟ್‌ಬುಕ್ಕನ್ನು ಮಾತ್ರ ಮನೆಯವರೇ ತರಬೇಕಿತ್ತು. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ರೋಟರಿ ಇರಲಿ, ಲಯನ್ಸ್ ಇರಲಿ, ಅವರ ವರ್ಷ ಶುರುವಾಗುವುದು ಜುಲೈ 1ಕ್ಕೆ. ಹೊಸ ಅಧ್ಯಕ್ಷರ ಪದಗ್ರಹಣ ಮುಗಿದು, ಸಮಿತಿ ಆಗಿ, ದುಡ್ಡು ಕೂಡಿ ನೋಟ್‌ಬುಕ್ ನಮ್ಮ ಶಾಲೆಗೆ ಬರುವಷ್ಟರಲ್ಲಿ ಆಗಸ್ಟ್ 15. ಅಷ್ಟರಲ್ಲಿ ಕೂಲಿ ಮಾಡುವ ತಾಯಿ ಹೇಗೋ ಸಾಲ ಮಾಡಿ ಮಗುವಿಗೆ ನಾಲ್ಕು ಪುಸ್ತಕ ಕೊಡಿಸಿ ಆಗಿರುತ್ತಿತ್ತು, ಕೊಡಿಸಲಾಗದವಳ ಮಗು ಎರಡು ತಿಂಗಳು ಹಳೇ ಪುಸ್ತಕದ ಉಳಿದ ಹಾಳೆಯಲ್ಲಿ ಬರೆದಿರುತ್ತಿತ್ತು. ಕೊಟ್ಟವರ ತಪ್ಪು ಅಂತ ಹೇಳುತ್ತಿಲ್ಲ. ಅವರ ಕ್ಯಾಲೆಂಡರೇ ಬೇರೆ, ಶಾಲೆಯ ಕ್ಯಾಲೆಂಡರೇ ಬೇರೆ. ಇದನ್ನು ಸರಿಮಾಡಬೇಕಾದರೆ ಹೋಗುವ ಅಧ್ಯಕ್ಷರು ಬರುವವರಿಗೆ ಏಪ್ರಿಲ್‌ನಲ್ಲೇ ಸ್ವಲ್ಪ ದುಡ್ಡು ಎತ್ತಿಡಬೇಕು, ಮೇ ತಿಂಗಳಲ್ಲಿ ಖರೀದಿ ಆಗಬೇಕು. ಫೋಟೋ ಯಾರ ವರ್ಷದ ವರದಿಗೆ ಹೋಗುತ್ತದೆ ಅನ್ನುವ ಜಗಳ ನೀವು ನೀವೇ ಬಗೆಹರಿಸಿಕೊಳ್ಳಿ.

ಫೋಟೋ ಅಂದೆನಲ್ಲ, ಒಂದನ್ನು ಹೇಳಿಬಿಡುತ್ತೇನೆ. ಒಮ್ಮೆ ಸ್ಕೂಲ್ ಬ್ಯಾಗ್ ಕೊಡಲು ಬಂದಿದ್ದರು. ಯಾವ ಕ್ಲಬ್, ಯಾವ ಊರಿನದು ಅಂತ ಹೇಳುವುದಿಲ್ಲ. ಒಂದು ಬ್ಯಾಗಿಗೆ ಹನ್ನೆರಡು ಜನ ಕೈ ಹಚ್ಚಿಕೊಂಡು ನಿಂತಿದ್ದರು, ಹಿಂದಿನ ಸಾಲಿನವರು ಮುಂದಿನವರ ಭುಜದ ಮೇಲಿಂದ ಕೈ ಚಾಚಿ ಬ್ಯಾಗಿನ ಪಟ್ಟಿಯನ್ನಾದರೂ ಮುಟ್ಟುತ್ತಿದ್ದರು. ಮೂರನೇ ಕ್ಲಾಸಿನ ಹುಡುಗ ಕೆಳಗಡೆ ಬ್ಯಾಗಿನ ತಳ ಹಿಡಿದುಕೊಂಡು ಎಲ್ಲರ ಹೊಟ್ಟೆಯ ಮಟ್ಟದಲ್ಲಿ, ಕಾಣದ ಹಾಗೆ ನಿಂತಿದ್ದ. ತೆಗೆದುಕೊಂಡು ಹೋಗಿ ಕೂತ, ಪಾಪ, ಜಿಪ್ ತೆರೆದು ಒಳಗೆ ಮೂಗು ಹಾಕಿ ಹೊಸ ವಾಸನೆ ನೋಡುತ್ತಿದ್ದ. ಅಷ್ಟರಲ್ಲಿ ತಡವಾಗಿ ಬಂದ ಇನ್ನೊಬ್ಬ ಅತಿಥಿಗೆ ಫೋಟೋ ಬೇಕಾಯಿತು. ಬ್ಯಾಗ್ ವಾಪಸ್ ಇಸಿದುಕೊಂಡರು. ಹುಡುಗ ಅಳಲಿಲ್ಲ, ಆದರೆ ಎರಡನೇ ಸಲ ಕೊಟ್ಟಾಗ ಮುಟ್ಟಲೇ ಇಲ್ಲ, ಮೇಷ್ಟ್ರ ಮುಖ ನೋಡಿದ. ನಿನ್ನ ವರ್ಷದಲ್ಲಿ ಇಂಥದ್ದು ಆಗಬಾರದು. ಕೊಡುವುದಿದ್ದರೆ ಹೆಡ್ಮಾಸ್ತರ ರೂಮಿನಲ್ಲಿ ಇಟ್ಟು ಬಾ, ಅವರಿಗೆ ಗೊತ್ತಿರುತ್ತದೆ ಯಾರಿಗೆ ಬೇಕು ಅಂತ. ವರದಿಗೆ ಫೋಟೋ ಬೇಕೇ ಬೇಕು ಅಂದರೆ ಬ್ಯಾಗುಗಳದ್ದು ತೆಗೆದುಕೋ, ಅವುಗಳಿಗೇನೂ ಬೇಸರವಿಲ್ಲ.

ಇನ್ನು ನಿನ್ನ ಪಟ್ಟಿಯ ಏಳನೇ ನಂಬರು, ಐದು ಶಾಲೆಗೆ ನೀರಿನ ಫಿಲ್ಟರ್. ಫಿಲ್ಟರ್ ಕೊಡುವುದು ಸುಲಭ, ಅಪ್ಪಿ. ಅದರೊಳಗೆ ನೀರು ಸೋಸುವ ಕ್ಯಾಂಡಲ್ ಬದಲಾಯಿಸುವವರು ಯಾರು? ನಮ್ಮ ಶಾಲೆಗೆ ಬಂದ ಫಿಲ್ಟರ್ ಎರಡನೇ ವರ್ಷ ನೀರು ಬಿಡುವುದನ್ನು ನಿಲ್ಲಿಸಿತು. ಕೊಟ್ಟವರಿಗೆ ಫೋನ್ ಮಾಡಿದರೆ "ಮೇಡಂ, ಅದು ಹಿಂದಿನ ಅಧ್ಯಕ್ಷರ ಪ್ರಾಜೆಕ್ಟು" ಅಂದರು. ಹಿಂದಿನ ಅಧ್ಯಕ್ಷರಿಗೆ ಮಾಡಿದರೆ "ಈಗ ನಾನು ಅಧ್ಯಕ್ಷ ಅಲ್ವಲ್ಲ" ಅಂದರು. ಕೊಟ್ಟವರ ಹೆಸರು ಬರೆದ ಸ್ಟಿಕರ್ ಮಾತ್ರ ಗಟ್ಟಿಯಾಗಿತ್ತು. ಕೊನೆಗೆ ಅದರ ಮೇಲೆ ಸೀಮೆಸುಣ್ಣದ ಡಬ್ಬಿ ಇಡುತ್ತಿದ್ದೆವು. ಐದು ಶಾಲೆ ಬೇಡ, ಎರಡು ಶಾಲೆಗೆ ಕೊಡು, ಮೂರು ವರ್ಷದ ರಿಪೇರಿ ದುಡ್ಡನ್ನು ಈಗಲೇ ಬೇರೆ ಇಡು, ಯಾರಿಗೆ ಫೋನ್ ಮಾಡಬೇಕು ಅಂತ ಆ ಸ್ಟಿಕರ್ ಮೇಲೆ ಬರೆಸು. ಹೊಸದು ಕೊಡುವುದಕ್ಕಿಂತ ಮೊದಲು ಹಳೇ ಅಧ್ಯಕ್ಷರುಗಳು ಕೊಟ್ಟಿದ್ದು ಎಲ್ಲೆಲ್ಲಿ ಕೆಟ್ಟು ಕೂತಿದೆ ಅಂತ ಒಂದು ಸುತ್ತು ನೋಡಿಕೊಂಡು ಬಂದರೆ ಇನ್ನೂ ಒಳ್ಳೆಯದು. ಶಾಲೆಗೆ ಹೋಗಿ "ಏನು ಬೇಕು" ಅಂತ ಕೇಳಿದರೆ ಎಲ್ಲರೂ ಸ್ಮಾರ್ಟ್ ಟಿವಿ ಅನ್ನುತ್ತಾರೆ, ನಾನೂ ಅಂದಿದ್ದೇನೆ. "ಏನು ಕೆಟ್ಟಿದೆ" ಅಂತ ಕೇಳು. ಆಗ ಹುಡುಗಿಯರ ಶೌಚಾಲಯದ ಚಿಲಕದ ವಿಷಯ ಬರುತ್ತದೆ.

ಕ್ಲಬ್ಬುಗಳಿಂದ ಏನೂ ಆಗುವುದಿಲ್ಲ ಅನ್ನುವವಳು ನಾನಲ್ಲ. ಪೋಲಿಯೋ ನೋಡು. ರೋಟರಿಯವರು ಅದನ್ನು ಹಿಡಿದದ್ದು 1985ರಲ್ಲಿ, ಇವತ್ತಿಗೂ ಬಿಟ್ಟಿಲ್ಲ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ, ಭಾನುವಾರ ಬೂತಿನಲ್ಲಿ ಕೂತವರಲ್ಲಿ ನಾನೂ ಒಬ್ಬಳು. ಮಗುವಿನ ಬಾಯಿಗೆ ಎರಡು ಹನಿ ಹಾಕಿ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು, ಎಲ್ಲರಿಗೂ ನೆನಪಿರುವುದು ಇಷ್ಟೇ. ನಿಜವಾದ ಕೆಲಸ ಇದ್ದದ್ದು ಸೋಮವಾರದಿಂದ. ಮನೆಮನೆಗೆ ಹೋಗಿ, ಎಲ್ಲ ಮಕ್ಕಳಿಗೂ ಆಗಿದ್ದರೆ ಗೋಡೆಗೆ ಸೀಮೆಸುಣ್ಣದಲ್ಲಿ "ಪಿ" ಅಂತ ಬರೆಯುವುದು, ಒಂದು ಮಗು ತಪ್ಪಿಹೋಗಿದ್ದರೂ "ಎಕ್ಸ್" ಅಂತ ಬರೆಯುವುದು, ಆ ಎಕ್ಸ್ ಮನೆಗೆ ಮತ್ತೆ ಹೋಗುವುದು. ಅಜ್ಜಿಮನೆಗೆ ಹೋದ ಮಗು ಬಂತಾ, ಜ್ವರ ಅಂದಿದ್ದ ಮಗು ಹೇಗಿದೆ, ಬೇಡ ಅಂದ ಅಪ್ಪ ಇವತ್ತು ಮನೆಯಲ್ಲಿದ್ದಾನಾ. ಹಾಗೆ ತಿರುಗಿ ತಿರುಗಿ ಹೋಗಿದ್ದಕ್ಕೆ ಸಹಜ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ನಿಂತಿತು, 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಆಗ್ನೇಯ ಏಷ್ಯಾ ಪ್ರದೇಶಕ್ಕೆ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು. ನಿನ್ನ ಪಟ್ಟಿಯಲ್ಲಿ ನಲವತ್ತೆರಡು ಭಾನುವಾರ ಇದೆ, ಸೋಮವಾರ ಒಂದೂ ಇಲ್ಲ.

ಈಗ ತಿಂಗಳುಗಳ ಲೆಕ್ಕಕ್ಕೆ ಬರೋಣ, ಇದು ನಿನಗೆ ತಕ್ಷಣ ಬೇಕಾಗಿರುವುದು.

ಜುಲೈನಲ್ಲಿ ನೀನು ನಾಲ್ಕು ಬಯಲು ಕಾರ್ಯಕ್ರಮ ಹಾಕಿದ್ದೀಯ. ಸಾಗರದ ಜುಲೈ ಮಳೆ ಮರೆತು ಹೋಯಿತಾ? ಶಾಲೆಗೇ ಮಳೆ ರಜೆ ಕೊಡುವ ಕಾಲದಲ್ಲಿ ಶಾಮಿಯಾನಕ್ಕೆ ಯಾಕೆ ದುಡ್ಡು ಸುರಿಯುತ್ತೀಯ? ಆ ತಿಂಗಳು ಕೂತು ಮಾಡುವ ಕೆಲಸ ಮಾಡು, ಪಟ್ಟಿ ಮಾಡುವುದು, ಭೇಟಿ ಮಾಡುವುದು, ಯಾರು ಯಾವ ಕೆಲಸಕ್ಕೆ ಅಂತ ಗೊತ್ತುಮಾಡುವುದು. ಗಿಡ ನೆಡುವುದೊಂದನ್ನು ಬೇಕಾದರೆ ಮಾಡು, ಆದರೆ ಸಾವಿರ ಗಿಡ ಅಂತ ಬರೆದಿರುವುದನ್ನು ಮೊದಲು ಹೊಡೆದು ಹಾಕು. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಗಿಡ ನೆಡಲು ಶುರು ಮಾಡಿದಾಗ ಮೊದಲ ವರ್ಷ ನೆಟ್ಟದ್ದು 10 ಗಿಡ ಮಾತ್ರ. ಆಮೇಲೆ 15, ಅದರ ಮುಂದಿನ ವರ್ಷ 20. ತಾವೇ ನೀರು ಹೊತ್ತು ಹಾಕಿದರು, ದನ ತಿನ್ನದ ಹಾಗೆ ಮುಳ್ಳುಬೇಲಿ ಕಟ್ಟಿದರು. ನಮ್ಮಲ್ಲಿ ಮಳೆಗಾಲಕ್ಕೆ ನೀರಿನ ಚಿಂತೆ ಇಲ್ಲ, ಆದರೆ ಫೆಬ್ರವರಿಯಿಂದ ಮೇವರೆಗೆ ಎಳೇ ಗಿಡ ಒಣಗುತ್ತದೆ. ಆಗ ನೀರು ಹಾಕಲು ಎಷ್ಟು ಜನ ಬರುತ್ತಾರೋ ಎಣಿಸಿ ಅಷ್ಟೇ ಗಿಡ ನೆಡು. ಹಲಸು, ನೇರಳೆ, ಅಪ್ಪೆಮಾವು ನೆಟ್ಟರೆ ಜನ ತಾವಾಗಿಯೇ ಕಾಯುತ್ತಾರೆ.

ರಕ್ತದಾನ ಶಿಬಿರವನ್ನು ಆಗಸ್ಟ್ 15ಕ್ಕೆ ಒಂದು, ಅಕ್ಟೋಬರ್ 2ಕ್ಕೆ ಒಂದು ಹಾಕಿದ್ದೀಯ. ಎಲ್ಲ ಸಂಘದವರೂ ಅದೇ ದಿನ ಇಟ್ಟುಕೊಳ್ಳುತ್ತಾರೆ. ತೆಗೆದ ರಕ್ತ ವರ್ಷಗಟ್ಟಲೆ ಇರುವುದಿಲ್ಲ, ಕೆಂಪು ಕಣಗಳು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಗಂಡಸರು ಒಮ್ಮೆ ಕೊಟ್ಟರೆ ಮತ್ತೆ ಮೂರು ತಿಂಗಳು ಕೊಡುವ ಹಾಗಿಲ್ಲ, ಹೆಂಗಸರು ನಾಲ್ಕು ತಿಂಗಳು. ಅಂದರೆ ಆಗಸ್ಟ್ 15ಕ್ಕೆ ಕೊಟ್ಟ ನಿನ್ನ ಗೆಳೆಯರು ಅಕ್ಟೋಬರ್ 2ಕ್ಕೆ ಕೊಡಲಾರರು, ಅದನ್ನಾದರೂ ಲೆಕ್ಕ ಹಾಕಬೇಕಿತ್ತು ಅಲ್ವಾ? ರಕ್ತ ಸಿಗದೆ ಒದ್ದಾಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಕಾಲೇಜು ರಜೆ, ಹುಡುಗರು ಊರಲ್ಲಿ ಇರುವುದಿಲ್ಲ. ನಿನ್ನ ಶಿಬಿರವನ್ನು ಅಲ್ಲಿಗೆ ಒಯ್ಯಿ. ಮೊದಲು ರಕ್ತನಿಧಿಯವರಿಗೆ ಫೋನ್ ಮಾಡಿ ಯಾವ ತಿಂಗಳು ಕಡಿಮೆ ಬೀಳುತ್ತದೆ, ಒಂದು ದಿನಕ್ಕೆ ಎಷ್ಟು ಯೂನಿಟ್ ಹಿಡಿಯಬಲ್ಲರು ಅಂತ ಕೇಳು. ಗುಂಪಿನ ಪ್ರಕಾರ ದಾನಿಗಳ ಹೆಸರು ಬರೆದ ಒಂದು ಪುಸ್ತಕ ಇಟ್ಟುಕೊಂಡು, ರಾತ್ರಿ ಫೋನ್ ಬಂದರೆ ಎತ್ತುವ ಇಬ್ಬರು ಹುಡುಗರನ್ನು ಹುಡುಕು. ಅದು ಎರಡು ಶಿಬಿರಕ್ಕೂ ಮೇಲು.

ನವೆಂಬರಿನಿಂದ ಜನವರಿಗೆ ಅಡಿಕೆ ಕೊಯ್ಲು. ಗೊನೆ ಕೊಯ್ಯುವವರು, ಸುಲಿಯುವವರು, ಬೇಯಿಸುವವರು, ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆ ಹೊತ್ತಿಗೆ "ರೈತರಿಗೆ ಯೋಗ ಶಿಬಿರ" ಇಟ್ಟಿದ್ದೀಯಲ್ಲ, ಮಾರಾಯ, ನಗು ಬಂತು.

ಆ ತಿಂಗಳಲ್ಲಿ ಮಾಡಬೇಕಾದ್ದು ಬೇರೆಯೇ ಇದೆ, ಅದು ನಿನ್ನ ಪಟ್ಟಿಯಲ್ಲೇ ಇಲ್ಲ. ಮಂಗನ ಕಾಯಿಲೆ. 1957ರಲ್ಲಿ ಮೊದಲು ಕಂಡದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ಜಗತ್ತೆಲ್ಲ ಅದನ್ನು ನಮ್ಮ ಕಾಡಿನ ಹೆಸರಿನಿಂದಲೇ ಕರೆಯುತ್ತದೆ. 2018ರ ಕೊನೆಯಲ್ಲಿ ನಮ್ಮ ತಾಲೂಕಿನ ಅರಳಗೋಡಿನಲ್ಲಿ ಶುರುವಾದಾಗ ಜನ ಎಷ್ಟು ಹೆದರಿದ್ದರು ಅಂತ ನೀನೇ ನೋಡಿದ್ದೀಯ. ಉಣ್ಣೆ ಹುಳ ಕಚ್ಚಿ ಬರುವ ಕಾಯಿಲೆ, ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಕೊಟ್ಟಿಗೆಗೆ ಹಾಸಲು ದರಕು (ಒಣ ಎಲೆ) ತರುವವರು, ಸೌದೆಗೆ ಹೋಗುವವರು, ದನದ ಹಿಂದೆ ಹೋಗುವವರು, ಇವರೇ ಸಿಕ್ಕಿಬೀಳುವುದು. ಹಾಗಾಗಿ ನವೆಂಬರಿನಲ್ಲೇ ಕಾಡಂಚಿನ ಮನೆಗಳಿಗೆ ಹೋಗಬೇಕು. ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗುವುದು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸುವುದು. ಎಷ್ಟೋ ಮನೆಗಳಲ್ಲಿ ಎಣ್ಣೆ ಬಾಟಲಿ ಇರುತ್ತದೆ, ಹಚ್ಚಿಕೊಳ್ಳುವುದಿಲ್ಲ, ವಾಸನೆ ಅನ್ನುತ್ತಾರೆ. ಮೈಕಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಆಶಾ ಕಾರ್ಯಕರ್ತೆಯ ಜೊತೆಗೆ ಹೋಗಿ, ಜಗುಲಿಯ ಮೇಲೆ ಕೂತು, ಒಂದು ಲೋಟ ಕಷಾಯ ಕುಡಿದು ಹೇಳಬೇಕು. ಮತ್ತೆ ಜನವರಿಯಲ್ಲಿ ಹೋಗಿ ಬಾಟಲಿ ಎಷ್ಟು ಖಾಲಿಯಾಗಿದೆ ಅಂತ ನೋಡಬೇಕು. ಇಂಥದ್ದೊಂದೇ ಕೆಲಸವನ್ನು ನಿನ್ನ ಕ್ಲಬ್ ಸರಿಯಾಗಿ ಮಾಡಿದರೂ ನಾನು ನಿನಗೆ ನಾನೇ ಕೈಯಾರೆ ಹಾರ ಹಾಕುತ್ತೇನೆ.

ಕಣ್ಣಿನ ಶಿಬಿರವನ್ನು ಪೇಟೆಯ ಸಭಾಭವನದಲ್ಲಿ ಇಟ್ಟಿದ್ದೀಯ. ಯಾಕೆ? ಪೇಟೆಯವರು ಆಟೋ ಹತ್ತಿದರೆ ಆಸ್ಪತ್ರೆ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದೆ, ಲಾಂಚ್ ಕಾಯುವ ನೆಪ ಈಗ ಇಲ್ಲ, ಹಿನ್ನೀರಿನಾಚೆಯ ತುಮರಿ ಕಡೆಗೆ ಹೋಗಿ. ಹೋಗುವಾಗಲೇ ಮುಂದಿನದನ್ನೂ ಯೋಚಿಸಿ. ಪೊರೆ ಇದೆ ಅಂತ ಗೊತ್ತಾದ ಅಜ್ಜಿಯನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗುವುದು, ವಾಪಸ್ ಮನೆಗೆ ಬಿಡುವುದು, ಆಮೇಲೆ ತೋರಿಸಲು ಮತ್ತೆ ಕರೆದೊಯ್ಯುವುದು, ಅಷ್ಟಕ್ಕೂ ಗಾಡಿ ಬೇಕು, ಜೊತೆಗೆ ಒಬ್ಬರು ಬೇಕು. ನೂರು ಜನರ ಕಣ್ಣು ನೋಡಿ ಚೀಟಿ ಕೊಟ್ಟು ಬರುವುದಕ್ಕಿಂತ ಹತ್ತು ಜನರನ್ನು ಕೊನೆಯವರೆಗೆ ನೋಡಿಕೊಳ್ಳಿ.

ಇನ್ನು ನಿಮ್ಮ ಸದಸ್ಯರ ವಿಷಯ. ಹೆಸರು ನಲವತ್ತಿದ್ದರೂ ಕೆಲಸಕ್ಕೆ ಬರುವುದು ಹತ್ತು ಜನ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆ ಹತ್ತು ಜನರನ್ನೇ ಎಲ್ಲದಕ್ಕೂ ಎಳೆದಾಡಿದರೆ ಡಿಸೆಂಬರಿಗೆ ಅವರೂ ಫೋನ್ ಎತ್ತುವುದಿಲ್ಲ. ಬರದವರ ಮೇಲೆ ಸಿಟ್ಟಾಗಬೇಡ. ಅವರಿಗೆ ಗಾಡಿ ಕೊಡಿ ಅನ್ನು, ಪೆಟ್ರೋಲಿಗೆ ಕೊಡಿ ಅನ್ನು, ಅಂಗಡಿ ಇರುವವರಿಗೆ ಕೊಂಡ ಬೆಲೆಗೇ ಸಾಮಾನು ಕೊಡಿ ಅನ್ನು, ಕೊಡುತ್ತಾರೆ. ಮತ್ತೆ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಬರೀ ಪ್ರಾರ್ಥನೆ, ಸ್ವಾಗತ, ರಂಗೋಲಿ ಎದುರಿಗೇ ಇದೆ. ಒಬ್ಬಳು ಬ್ಯಾಂಕಿನಲ್ಲಿ ಇದ್ದವಳು, ನನ್ನ ಶಿಷ್ಯೆ, ಅವಳನ್ನು ಖಜಾಂಚಿ ಮಾಡದೆ ಆರತಿ ತಟ್ಟೆ ಕೊಟ್ಟಿದ್ದೀಯ. ಇದನ್ನು ನಾನು ಎರಡು ಸಲ ಹೇಳುವುದಿಲ್ಲ.

ದುಡ್ಡಿನ ಬಗ್ಗೆ ಒಂದೇ ಮಾತು. ಶಾಲು, ಹಾರ, ನೆನಪಿನ ಕಾಣಿಕೆ, ಫ್ಲೆಕ್ಸ್, ಇವಕ್ಕೆ ಹೋಗುವುದನ್ನು ಬೇರೆ ಕಾಲಂನಲ್ಲಿ ಬರೆದು ತಿಂಗಳ ಸಭೆಯಲ್ಲಿ ಜೋರಾಗಿ ಓದಿಸು. ತಾನಾಗಿಯೇ ಕಡಿಮೆಯಾಗುತ್ತದೆ. ಫ್ಲೆಕ್ಸ್ ಬೇಕೇ ಬೇಕಾದರೆ ತಾರೀಕು ಇಲ್ಲದ್ದು ಒಂದು ಬಟ್ಟೆಯ ಬ್ಯಾನರ್ ಬರೆಸು, ವರ್ಷವಿಡೀ ಅದೇ ಸಾಕು.

ನಿನ್ನ ನಂತರ ಬರುವ ಅಧ್ಯಕ್ಷ ಯಾರು ಅಂತ ಗೊತ್ತಿದ್ದರೆ ಅವನನ್ನು ಈಗಿನಿಂದಲೇ ಜೊತೆಗೆ ಓಡಾಡಿಸು, ತುಮರಿಗೂ ಕರೆದುಕೊಂಡು ಹೋಗು, ಅರಳಗೋಡಿಗೂ. ನೀನು ಹಿಡಿದ ಕೆಲಸ ಮುಂದಿನ ಜೂನ್ 30ಕ್ಕೆ ನಿಲ್ಲಬಾರದು ಅಂದರೆ ಬೇರೆ ದಾರಿಯೇ ಇಲ್ಲ.

ಸದ್ಯಕ್ಕೆ ಅವಸರದ ಕೆಲಸ ಒಂದೇ. ಶಾಲೆ ತೆರೆಯಲು ಇನ್ನು ಹೆಚ್ಚು ದಿನ ಇಲ್ಲ. ಈಗಿನ ಅಧ್ಯಕ್ಷರನ್ನು ಈ ವಾರವೇ ಹಿಡಿದು, ಕ್ಲಬ್ಬಿನಲ್ಲಿ ಎಷ್ಟು ದುಡ್ಡು ಉಳಿದಿದೆ ಕೇಳು, ಎರಡು ಮೂರು ಶಾಲೆಯ ಹೆಡ್ಮಾಸ್ತರ ಹತ್ತಿರ ಮಾತಾಡಿ ಯಾವ ಕ್ಲಾಸಿಗೆ ಎಷ್ಟು ನೋಟ್‌ಬುಕ್ ಬೇಕು ಅಂತ ಬರೆದುಕೋ. ಸಗಟಿನಲ್ಲಿ ತಂದರೆ ಸೋವಿ, ಶಿವಮೊಗ್ಗದಲ್ಲಿ ನನಗೆ ಗೊತ್ತಿರುವ ಅಂಗಡಿ ಇದೆ. ಲೆಕ್ಕ ಆದ ಮೇಲೆ ನನಗೆ ಫೋನ್ ಮಾಡು. ಮಧ್ಯಾಹ್ನ ಮಲಗಿರುತ್ತೇನೆ, ನಾಲ್ಕರ ಮೇಲೆ ಮಾಡು.

ಇಂತಿ,
ನಿನ್ನ ದೊಡ್ಡಮ್ಮ